ಹಿರಿಯರು ಬೀಳದಂತೆ ಮನೆಯನ್ನು ಅಣಿಗೊಳಿಸಿ

ದನದ ಕೊಟ್ಟಿಗೆಗೆ ಸಿಮೆಂಟಿನ ನೆಲ ಹಾಕಿಸುವಾಗ ನೀವು ಗೌಂಡಿಗೆ ಮರೆಯದೆ ಒಂದು ಮಾತು ಹೇಳುತ್ತೀರಿ: "ನುಣುಪು ಮಾಡಬೇಡ, ಗೆರೆ ಎಳೆ. ಇಲ್ಲವಾದರೆ ದನ ಜಾರುತ್ತದೆ." ಗಬ್ಬದ ಎಮ್ಮೆ ಜಾರಿ ಬಿದ್ದರೆ ಆಗುವ ನಷ್ಟ ಎಷ್ಟೆಂಬುದು ನಿಮಗೆ ಚೆನ್ನಾಗಿ ಗೊತ್ತು. ಅದೇ ಗೌಂಡಿ ನಿಮ್ಮ ಬಚ್ಚಲುಮನೆಯ ಕೆಲಸಕ್ಕೆ ಬಂದಾಗ ಮಾತ್ರ ನಿಮ್ಮ ಮಾತು ಬೇರೆಯಾಗುತ್ತದೆ: "ನೆಲ ಕನ್ನಡಿಯ ಹಾಗೆ ಹೊಳೆಯಬೇಕು." ಆ ಬಚ್ಚಲಿಗೆ ದಿನಕ್ಕೆ ನಾಲ್ಕಾರು ಸಲ, ರಾತ್ರಿ ಎರಡು ಸಲ ಹೋಗಿ ಬರುವವರು ಎಪ್ಪತ್ತೈದು ವರ್ಷದ ನಿಮ್ಮ ತಾಯಿ.

ಈಗ ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಷಾಢದ ರಾತ್ರಿ, ಹೊರಗೆ ಜಡಿಮಳೆ, ಕರೆಂಟು ಹೋಗಿದೆ. ತಾಯಿ ಎದ್ದಿದ್ದಾರೆ. ಮಗ ಸೊಸೆ ಹಗಲೆಲ್ಲ ನಾಟಿ ಮಾಡಿ ದಣಿದು ಮಲಗಿದ್ದಾರೆ, ಅವರನ್ನು ಏಕೆ ಎಬ್ಬಿಸಬೇಕು ಎಂದುಕೊಂಡು ಗೋಡೆ ತಡವುತ್ತ ಹೊರಡುತ್ತಾರೆ. ಕಾಲಿಗೆ ಕೌದಿಯ ತುದಿ ತೊಡರುತ್ತದೆ. ಅದನ್ನು ದಾಟಿದರೆ ಹೊಸ್ತಿಲು. ಹೊಸ್ತಿಲು ದಾಟಿದರೆ ಒದ್ದೆ ಹಾಸುಗಲ್ಲು. ಒಂದು ಸದ್ದು ಕೇಳಿ ನೀವು ಎದ್ದು ಓಡುವ ಹೊತ್ತಿಗೆ ಅವರು ನೆಲದ ಮೇಲಿದ್ದಾರೆ, ಒಂದು ಕಾಲು ಹೊರಕ್ಕೆ ತಿರುಗಿದೆ. ಅಲ್ಲಿಂದ ಮುಂದೆ ಆಸ್ಪತ್ರೆ, ಸಾಲ, ತಿಂಗಳುಗಟ್ಟಲೆ ಮಂಚ. "ವಯಸ್ಸಾಗಿತ್ತು, ಬಿದ್ದರು" ಎಂದು ಊರು ಹೇಳುತ್ತದೆ.

ಈ ಲೇಖನ ಹೇಳಬಯಸುವುದು ಇಷ್ಟೇ: ಅವರು ಬಿದ್ದದ್ದು ಬರೀ ವಯಸ್ಸಿನಿಂದ ಅಲ್ಲ. ಕೌದಿ, ಕತ್ತಲೆ, ಹೊಸ್ತಿಲು ಮತ್ತು ಒದ್ದೆ ಕಲ್ಲು, ಈ ನಾಲ್ಕೂ ಸೇರಿ ಅವರನ್ನು ಬೀಳಿಸಿದವು. ವಯಸ್ಸನ್ನು ನಾವು ತಡೆಯಲಾರೆವು. ಉಳಿದ ನಾಲ್ಕನ್ನೂ ತಡೆಯಬಲ್ಲೆವು.

ಅಂಕಿ ಅಂಶಗಳು ಏನು ಹೇಳುತ್ತವೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತವನ್ನು ಬಿಟ್ಟರೆ ಎರಡನೆಯ ಸ್ಥಾನ ಬೀಳುವಿಕೆಯದೇ. ಹೀಗೆ ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಶೇಕಡಾ 80ಕ್ಕೂ ಹೆಚ್ಚು ಸಾವುಗಳು ನಮ್ಮಂಥ ಕಡಿಮೆ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ಆಗುತ್ತವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮೇಲ್ಪಟ್ಟು ಇದ್ದರು. ಅಂದಿನಿಂದ ಈ ಸಂಖ್ಯೆ ಏರುತ್ತಲೇ ಇದೆ.

ಇದಕ್ಕೆ ಪರಿಹಾರ ಉಂಟೇ ಎಂದರೆ, ಉಂಟು. ಮನೆಯೊಳಗಿನ ಅಪಾಯಗಳನ್ನು ಹುಡುಕಿ ಸರಿಪಡಿಸಿದರೆ ಹಿರಿಯರು ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಮರ್ಶೆ ತೋರಿಸಿದೆ. ಈ ಮೊದಲೇ ಒಮ್ಮೆ ಬಿದ್ದವರು ಮತ್ತು ನಡೆಯಲು ಕಷ್ಟಪಡುವವರಲ್ಲಿ ಲಾಭ ಇನ್ನೂ ಹೆಚ್ಚು, ಶೇಕಡಾ 38. ಕಾಲಿಗೆ ಬಲ ಮತ್ತು ಆಯ ಕೊಡುವ ವ್ಯಾಯಾಮದಿಂದಲೂ ಹೆಚ್ಚು ಕಡಿಮೆ ಕಾಲು ಭಾಗದಷ್ಟು ಬೀಳುವಿಕೆ ತಪ್ಪುತ್ತದೆಂದು 2019ರ ಇನ್ನೊಂದು ವಿಮರ್ಶೆ ಹೇಳುತ್ತದೆ. ಒಂದು ಗೊಬ್ಬರ ಅಥವಾ ಔಷಧಿಯಿಂದ ಇಷ್ಟು ಫಲ ಸಿಗುವುದಾದರೆ ನೀವು ಅದನ್ನು ಬಿಡುತ್ತಿರಲಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಉತ್ತರ ಕನ್ನಡದ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ. ಸೂಪಾ ಅಣೆಕಟ್ಟೆಯಿಂದ ಹಳೆಯ ಸೂಪಾ ಊರು ಮುಳುಗಿದಾಗ ಗಂಟುಮೂಟೆ ಹೊತ್ತು ರಾಮನಗರದಂಥ ಹೊಸ ಊರುಗಳಿಗೆ ಬಂದ ಯುವಕರು ಈಗ ಅಜ್ಜಂದಿರು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಅನೇಕರು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರ ಶಿಬಿರ ಪ್ರಾರಂಭವಾದಾಗ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಂಬತ್ತರ ಆಸುಪಾಸಿನವರು. ಇವರೆಲ್ಲರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಕೆಲಸಕ್ಕಾಗಿ ಗೋವೆ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿದ್ದಾರೆ. ಹಗಲು ಹೊತ್ತು ಮನೆಯಲ್ಲಿ ಹಿರಿಯರೊಬ್ಬರೇ ಇರುವುದು ಸಾಮಾನ್ಯವಾಗಿದೆ.

ಮನೆಗಳೂ ಬಗೆಬಗೆಯವು. ಜೋಯಿಡಾದ ಕಾಡಿನ ನಡುವೆ ಕುಣಬಿ ಕುಟುಂಬಗಳ ಮಣ್ಣಿನ ಗೋಡೆಯ, ಸಗಣಿ ಸಾರಿಸಿದ ನೆಲದ ಮನೆಗಳಿವೆ. ಹಳಿಯಾಳ, ಮುಂಡಗೋಡಗಳ ಬಯಲಿನಲ್ಲಿ ಕಟ್ಟೆ, ಪಡಸಾಲೆ, ಫರಶಿ ಕಲ್ಲಿನ ಮನೆಗಳಿವೆ. ಈಚೆಗೆ ಎಲ್ಲ ಕಡೆಯೂ ಟೈಲ್ಸ್ ಬಂದಿದೆ. ಜೋಯಿಡಾ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ, ಕಲ್ಲು, ಮೆಟ್ಟಿಲು ಒಣಗುವುದೇ ಅಪರೂಪ. ಬಿದ್ದವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರಬೇಕಾದ ಮಜಿರೆಗಳು ಈಗಲೂ ಇವೆ. ಆಸ್ಪತ್ರೆ ದೂರವಿದ್ದಷ್ಟೂ ಬೀಳದಂತೆ ನೋಡಿಕೊಳ್ಳುವುದರ ಬೆಲೆ ಹೆಚ್ಚು.

ಮುಪ್ಪಿನಲ್ಲಿ ಆಯ ತಪ್ಪುವುದೇಕೆ?

ನಾವು ನೆಟ್ಟಗೆ ನಿಲ್ಲುವುದು ಮೂರರ ಸಹಾಯದಿಂದ: ಕಣ್ಣು, ಒಳಗಿವಿ ಮತ್ತು ಅಂಗಾಲು ಹಾಗೂ ಕೀಲುಗಳ ಸ್ಪರ್ಶಜ್ಞಾನ. ವಯಸ್ಸಾದಂತೆ ಮೂರೂ ಮಂದವಾಗುತ್ತವೆ. ಸಕ್ಕರೆ ಕಾಯಿಲೆಯಿದ್ದರೆ ಅಂಗಾಲಿನ ಅರಿವು ಇನ್ನೂ ಬೇಗ ಹೋಗುತ್ತದೆ. ತೊಡೆ ಮೀನಖಂಡಗಳ ಮಾಂಸ ಕರಗುತ್ತದೆ. ಕಾಲನ್ನು ಎತ್ತಿ ಇಡುವ ಬದಲು ಎಳೆದು ಇಡುವ ರೂಢಿಯಾಗುತ್ತದೆ. ಆಗ ಅರ್ಧ ಇಂಚಿನ ಏರುತಗ್ಗು ಕೂಡ ಸಾಕು. ಎಲುಬು ಟೊಳ್ಳಾಗಿರುವುದರಿಂದ, ಅದರಲ್ಲೂ ಹೆಂಗಸರಲ್ಲಿ, ನಿಂತಲ್ಲಿಂದ ಬಿದ್ದರೂ ತೊಡೆಸಂದು ಮುರಿಯುತ್ತದೆ. ಹಿರಿಯರು ಬೀಳುವುದು ಹೆಚ್ಚಾಗಿ ಮರ ಅಟ್ಟಗಳಿಂದಲ್ಲ, ಸಮನೆಲದ ಮೇಲೆ ಎಂಬುದನ್ನು ಗಮನಿಸಬೇಕು.

ಮಲಗಿದವರು ಥಟ್ಟನೆ ಎದ್ದರೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ಆದುದರಿಂದ ಎದ್ದ ಕೂಡಲೇ ನಡೆಯಬಾರದು. ಹಾಸಿಗೆಯ ಮೇಲೆ ಕುಳಿತು ಒಂದೆರಡು ನಿಮಿಷ ಪಾದಗಳನ್ನು ಆಡಿಸಿ, ನಿಂತು ಹತ್ತು ಎಣಿಸಿ, ಆಮೇಲೆ ಹೆಜ್ಜೆ ಹಾಕಬೇಕು.

ಹಿರಿಯರೊಡನೆ ಮನೆಯ ಸುತ್ತ ಒಂದು ಸುತ್ತು

ಬೆಳೆ ನೋಡಲು ಹೊಲ ಸುತ್ತುವಂತೆ ಒಂದು ಬೆಳಿಗ್ಗೆ ನಿಮ್ಮ ತಂದೆ ತಾಯಿಯರೊಡನೆ ಮನೆ ಸುತ್ತಿರಿ. ಅವರು ಮುಂದೆ ನಡೆಯಲಿ, ನೀವು ಹಿಂದೆ ಬನ್ನಿ. ಅವರ ಕೈ ಎಲ್ಲೆಲ್ಲಿ ಗೋಡೆಯನ್ನು ಹುಡುಕುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಆ ಗುರುತುಗಳೇ ನಿಮ್ಮ ಕೆಲಸದ ಪಟ್ಟಿ.

1. ಬಚ್ಚಲುಮನೆ ಮತ್ತು ಶೌಚಾಲಯ: ಮೊದಲ ಕೆಲಸ ಇಲ್ಲಿಂದ. ಹೊಸ ನೆಲ ಹಾಕಿಸುವುದಿದ್ದರೆ ಸಿಮೆಂಟು ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಎಳೆಸಿ ಒರಟು ಮಾಡಿಸಿ. ನೀರು ನಿಲ್ಲದಂತೆ ಐದು ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಕೊಡಿಸಿ. ನುಣುಪಾದ ಟೈಲ್ಸ್ ಈಗಾಗಲೇ ಇದ್ದರೆ ಒಡೆಸಬೇಕಾಗಿಲ್ಲ. ಕೊಟ್ಟಿಗೆಗೆ ತಂದ ರಬ್ಬರ್ ಹಾಸಿನಲ್ಲಿ ಉಳಿದ ತುಂಡನ್ನು ತೊಳೆದು ಒರಟು ಭಾಗ ಮೇಲೆ ಬರುವಂತೆ ಹಾಸಿ, ವಾರಕ್ಕೊಮ್ಮೆ ಎತ್ತಿ ಅಡಿಯನ್ನು ತಿಕ್ಕಿ ತೊಳೆಯಿರಿ. ಗೋಣಿಚೀಲ ಹಾಸಬೇಡಿ, ಅದು ನೆನೆದು ಜಾರುತ್ತದೆ. ತಗ್ಗಾದ ಮಣೆಯ ಬದಲು ಮೊಣಕಾಲೆತ್ತರದ ಗಟ್ಟಿ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಲಿ. ಹಂಡೆಯಿಂದ ಬಿಸಿನೀರು ತೋಡಿಕೊಡುವ ಕೆಲಸ ಮನೆಯ ಇತರರದ್ದಾಗಲಿ. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಬಂದ ಮೇಲೆ ಹಳ್ಳಿಯ ಮನೆ ಮನೆಗೆ ಶೌಚಾಲಯವಾಯಿತು; ಆದರೆ ಎಷ್ಟೋ ಕಡೆ ಅದು ಹಿತ್ತಲ ಮೂಲೆಯಲ್ಲಿ, ಎರಡು ಮೂರು ಮೆಟ್ಟಿಲಿನ ಮೇಲಿದೆ, ಹಿಡಿಯಲು ಏನೂ ಇಲ್ಲ. ಕುಕ್ಕರಗಾಲಿನಲ್ಲಿ ಕೂತು ಏಳಲಾಗದವರಿಗೆ ನಡುವೆ ತೆರೆದ ಕಮೋಡ್ ಕುರ್ಚಿಯನ್ನು ಅದರ ಮೇಲೆ ಇಡಬಹುದು. ರಾತ್ರಿಗೆ ಮಂಚದ ಬಳಿಯೇ ಒಂದು ಪಾತ್ರೆಯ ವ್ಯವಸ್ಥೆ ಮಾಡುವುದು ನಾಚಿಕೆಯ ವಿಷಯವಲ್ಲ.

2. ಹಿಡಿಕಂಬಿ: ಇಟ್ಟಿಗೆ ಅಥವಾ ಕಲ್ಲಿನ ಗೋಡೆಯಾದರೆ ಒಂದೂಕಾಲು ಇಂಚಿನ ಕಬ್ಬಿಣದ ಪೈಪನ್ನು ಗೋಡೆಯಿಂದ ಒಂದೂವರೆ ಇಂಚು ಬಿಟ್ಟು ಕೂಡಿಸಿ. ಎತ್ತರ ಹಿರಿಯರ ಸೊಂಟದ ಮಟ್ಟಕ್ಕಿರಲಿ. ಶೌಚಾಲಯದಲ್ಲಿ ಕುಳಿತಾಗ ಕೈಗೆ ಎಟಕುವಂತೆ ಇನ್ನೊಂದು ಬೇಕು. ಟವೆಲ್ ಹಾಕುವ ಸರಳು ಮತ್ತು ನಲ್ಲಿ ಆಧಾರವಲ್ಲ, ಮೈಭಾರ ಬಿದ್ದರೆ ಕಿತ್ತು ಬರುತ್ತವೆ. ಮಣ್ಣಿನ ಗೋಡೆಯಲ್ಲಿ ಬೋಲ್ಟು ನಿಲ್ಲುವುದಿಲ್ಲ. ಅಂಥ ಮನೆಯಲ್ಲಿ ಬೇಲಿಗೆ ಗೂಟ ಹುಗಿಯುವಂತೆ ಎರಡು ಅಡಿ ಆಳಕ್ಕೆ ಗಟ್ಟಿ ಮರದ ಕಂಬ ನೆಟ್ಟು, ಸುತ್ತ ಕಲ್ಲು ಜಡಿದು, ಎರಡು ಕಂಬಗಳ ನಡುವೆ ಅಡ್ಡ ಹಿಡಿಕೆ ಕಟ್ಟಿರಿ. ಬಿದಿರಾದರೆ ಒದ್ದೆ ಕೈಗೆ ಜಾರದಂತೆ ತೆಂಗಿನ ನಾರಿನ ಹಗ್ಗ ಸುತ್ತಿರಿ. ವರ್ಷಕ್ಕೊಮ್ಮೆ ಬುಡವನ್ನು ಗೆದ್ದಲು ತಿಂದಿದೆಯೇ ಎಂದು ನೋಡಿ. ನೀವೇ ಜೋತುಬಿದ್ದು ಪರೀಕ್ಷಿಸಿದ ಮೇಲೆ ಮಾತ್ರ ಹಿರಿಯರಿಗೆ ಬಿಡಿ.

3. ಹೊಸ್ತಿಲು ಮತ್ತು ಮೆಟ್ಟಿಲು: ಹೊಸ್ತಿಲನ್ನು ತುಳಿಯಬಾರದೆಂಬುದು ನಮ್ಮ ಪದ್ಧತಿ. ಆದುದರಿಂದ ಹಿರಿಯರು ಅದನ್ನು ಎತ್ತರಕ್ಕೆ ಕಾಲೆತ್ತಿ ದಾಟುತ್ತಾರೆ, ಆ ಒಂದು ಗಳಿಗೆ ಇಡೀ ಮೈ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಹೊಸ್ತಿಲನ್ನು ಕೀಳಿಸಬೇಕೆಂದು ಹೇಳುತ್ತಿಲ್ಲ. ಬಾಗಿಲ ಚೌಕಟ್ಟಿಗೆ ಎದೆಮಟ್ಟದಲ್ಲಿ ಒಂದು ಮರದ ಹಿಡಿಕೆ ಜಡಿದರೆ ಸಾಕು. ಹೊಸ್ತಿಲಿಗೆ ಅರಿಸಿನ ಬಳಿಯುವ ರೂಢಿಯನ್ನು ಬಿಡಬೇಡಿ; ಆ ಹಳದಿ ಪಟ್ಟಿ ಮಬ್ಬುಗಣ್ಣಿಗೂ ಕಾಣುತ್ತದೆ. ಮೆಟ್ಟಿಲುಗಳ ಅಂಚಿಗೂ ಮೂರು ಬೆರಳಗಲ ಬಿಳಿ ಬಣ್ಣ ಬಳಿಯಿರಿ. ಮೆಟ್ಟಿಲುಗಳೆಲ್ಲ ಒಂದೇ ಎತ್ತರ, ಸುಮಾರು ಆರು ಇಂಚು ಇರಬೇಕು. ಒಂದು ಗಿಡ್ಡ ಒಂದು ಎತ್ತರವಾದರೆ ಕಾಲು ಲೆಕ್ಕ ತಪ್ಪುತ್ತದೆ. ಮೆಟ್ಟಿಲ ಬದಲು ಇಳಿಜಾರು ಮಾಡಿಸುವುದಾದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಮಳೆಗಾಲದಲ್ಲಿ ಅದೇ ಜಾರುಬಂಡೆಯಾದೀತು.

4. ಅಂಗಳ ಮತ್ತು ಹಿತ್ತಲು: ಅಂಗಳದಲ್ಲಿ ಕೆಸರಾಗದಂತೆ ಹಾಕುವ ಅಡಿಕೆ ದಬ್ಬೆಗಳು ಹದಿನೈದು ದಿನದಲ್ಲಿ ಪಾಚಿ ಕಟ್ಟುತ್ತವೆ, ಉರುಳುತ್ತವೆ. ಹಿರಿಯರು ಓಡಾಡುವ ದಾರಿಗೆ ದಬ್ಬೆಯ ಬದಲು ಜಲ್ಲಿ ಅಥವಾ ಒರಟು ಮರಳು ಹರಡಿರಿ. ಕಲ್ಲಿನ ಮೇಲಿನ ಪಾಚಿಗೆ ಬ್ಲೀಚಿಂಗ್ ಪುಡಿ ಉದುರಿಸಿ, ಇಪ್ಪತ್ತು ನಿಮಿಷ ಬಿಟ್ಟು, ಗಟ್ಟಿ ಬ್ರಶ್‌ನಿಂದ ತಿಕ್ಕಿ ತೊಳೆಯಿರಿ. ಅದಕ್ಕೆ ಆಸಿಡ್ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಆ ನೀರು ದನ ಕುಡಿಯುವ ಬಾನಿಗೆ, ಬಾವಿಗೆ ಹೋಗದಂತೆ ನೋಡಿಕೊಳ್ಳಿ. ಕರುವಿನ ಕಣ್ಣಿ, ನೀರಿನ ಪೈಪು, ಒಣಹಾಕಿದ ಕಟ್ಟಿಗೆ, ಇವು ನಡೆಯುವ ದಾರಿಗೆ ಅಡ್ಡ ಇರಬಾರದು.

5. ಒಳಮನೆ: ನೆಲದ ಮೇಲೆ ಮಲಗಿ ಏಳುವುದಕ್ಕಿಂತ ಮಂಚ ಲೇಸು. ಮಂಚದ ಮೇಲೆ ಕುಳಿತಾಗ ಪಾದಗಳು ಪೂರ್ತಿ ನೆಲಕ್ಕೆ ತಾಗಬೇಕು. ಕೌದಿ ಮತ್ತು ಕಂಬಳಿಗಳ ತುದಿ ಇಳಿಬೀಳಬಾರದು. ಸಗಣಿ ಸಾರಿಸಿದ ನೆಲ ಒಣಗುವವರೆಗೆ ಹಿರಿಯರು ಜಗಲಿಯಲ್ಲಿ ಕುಳಿತಿರಲಿ. ದಿನಬಳಕೆಯ ಡಬ್ಬಿಗಳು ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. ಅರವತ್ತೈದು ದಾಟಿದವರು ಅಟ್ಟದ ಏಣಿ ಹತ್ತುವುದನ್ನು ಬಿಡಬೇಕು.

6. ಬೆಳಕು: ಮಂಚದಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಒಂದು ಸಣ್ಣ ಎಲ್.ಇ.ಡಿ. ದೀಪ ರಾತ್ರಿಯಿಡೀ ಉರಿಯಲಿ, ಕರೆಂಟು ಖರ್ಚು ಅತ್ಯಲ್ಪ. ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ದಿಂಬಿನ ಪಕ್ಕ ಬ್ಯಾಟರಿ ದೀಪವನ್ನು ದಾರ ಕಟ್ಟಿ ಮಂಚಕ್ಕೆ ತೂಗುಹಾಕಿ. ಕತ್ತಲೆಯಲ್ಲಿ ಹುಡುಕುವಂತಾಗಬಾರದು.

ಕೋಲು, ಚಪ್ಪಲಿ, ಕಣ್ಣು, ಗುಳಿಗೆ

ಕೋಲು ಹಿರಿಯರ ಅಳತೆಗೆ ಇರಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯವರೆಗೆ ಅದರ ಎತ್ತರ. ತುದಿಗೆ ರಬ್ಬರ್ ಬೂಟು ಅವಶ್ಯ, ಸವೆದರೆ ಬದಲಿಸಿ. ನೋಯುವ ಕಾಲಿನ ಕಡೆಗಲ್ಲ, ಗಟ್ಟಿ ಕಾಲಿನ ಕಡೆಯ ಕೈಯಲ್ಲಿ ಕೋಲು ಹಿಡಿಯಬೇಕೆಂಬುದು ಹಲವರಿಗೆ ತಿಳಿಯದ ಸಂಗತಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಅಡಿ ಸವೆದ ಹವಾಯಿ ಚಪ್ಪಲಿಯನ್ನು ಎಸೆದು, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸಿ.

ಕಣ್ಣಿನ ಪೊರೆಯನ್ನು "ಇನ್ನೂ ಬಲಿಯಲಿ" ಎಂದು ವರ್ಷಗಟ್ಟಲೆ ಬಿಡಬೇಡಿ. ನಿದ್ದೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧಿ ಇವುಗಳಿಂದ ತಲೆಸುತ್ತು ಬರಬಹುದು. ಗುಳಿಗೆಗಳನ್ನು ನೀವಾಗಿಯೇ ನಿಲ್ಲಿಸಬಾರದು. ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಸಂಜೆಯ ಕುಡಿತವೂ ಬೀಳುವುದಕ್ಕೆ ಒಂದು ಕಾರಣವೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಕಾಲಿಗೆ ಬಲ ಬರಿಸಿ

"ಅಮ್ಮಾ, ನೀನು ಏಳಬೇಡ, ಕೂತಲ್ಲೇ ಕೂತಿರು" ಎಂದು ಪ್ರೀತಿಯಿಂದ ಹೇಳುವ ಮಕ್ಕಳು ತಿಳಿಯದೆ ಕೇಡು ಮಾಡುತ್ತಾರೆ. ಕೂತಷ್ಟೂ ಕಾಲು ಸೋಲುತ್ತದೆ, ಸೋತಷ್ಟೂ ಬೀಳುವ ಭಯ ಹೆಚ್ಚುತ್ತದೆ, ಭಯದಿಂದ ಮತ್ತೆ ಕೂರುತ್ತಾರೆ. ಎಲೆ ಅಡಿಕೆ ಕೊಯ್ಯುವುದು, ಬೀಜ ಆರಿಸುವುದು, ಹಿತ್ತಲಿನ ಬಳ್ಳಿಗೆ ನೀರು ಹನಿಸುವುದು ಅವರಿಂದ ಕಸಿದುಕೊಳ್ಳಬೇಡಿ. ಇದರ ಜೊತೆಗೆ ವಾರಕ್ಕೆ ಮೂರು ದಿನವಾದರೂ ಹೀಗೆ ಮಾಡಿಸಿ:

ಅ) ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು, ಹತ್ತು ಸಲ.
ಆ) ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ.
ಇ) ಕಂಬ ಹಿಡಿದೇ ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು.
ಈ) ಗೋಡೆಯ ಪಕ್ಕ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನಡೆಯುವುದು.

ಮೊದಲ ದಿನಗಳಲ್ಲಿ ಒಬ್ಬರು ಪಕ್ಕದಲ್ಲಿರಬೇಕು. ಊಟದಲ್ಲಿ ಬೇಳೆ, ಹುರುಳಿ, ಹಾಲು ಮೊಸರು, ರಾಗಿ, ತಿನ್ನುವವರಿಗೆ ಮೊಟ್ಟೆ ಮೀನು ಇರಲಿ. ಗಂಜಿ ಉಪ್ಪಿನಕಾಯಿಯಿಂದ ಮಾಂಸಖಂಡ ಬೆಳೆಯುವುದಿಲ್ಲ.

ಬಿದ್ದುಬಿಟ್ಟರೆ ಏನು ಮಾಡಬೇಕು?

ಗಾಬರಿಯಿಂದ ರಟ್ಟೆ ಹಿಡಿದು ಎತ್ತಬೇಡಿ. ಮೊದಲು ಮಾತನಾಡಿಸಿ, ಎಲ್ಲಿ ನೋವೆಂದು ಕೇಳಿ. ತೊಡೆಸಂದಿನಲ್ಲಿ ತೀವ್ರ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು, ಭಾರ ಹಾಕಲಾಗದಿರುವುದು, ಇವು ತೊಡೆಸಂದು ಮುರಿದ ಲಕ್ಷಣಗಳು. ಎಣ್ಣೆ ಹಚ್ಚಿ ತಿಕ್ಕಬಾರದು, ಎಳೆಯಬಾರದು, ನಾಟಿ ಕಟ್ಟು ಕಟ್ಟಿಸಿ ಮನೆಯಲ್ಲಿ ಮಲಗಿಸಬಾರದು. ಹಾಗೆ ಮಲಗಿಸಿದರೆ ಬೆನ್ನುಹುಣ್ಣು ಮತ್ತು ನ್ಯುಮೋನಿಯ ಬಂದು ಜೀವಕ್ಕೇ ಅಪಾಯ. ಸಾಧ್ಯವಾದರೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಗಿ ಬೇಗ ಎದ್ದು ನಡೆಯುವಂತಾಗಬೇಕು. ಎರಡು ಕಾಲುಗಳ ನಡುವೆ ಮಡಿಸಿದ ಬಟ್ಟೆಯಿಟ್ಟು ಸಡಿಲವಾಗಿ ಸೇರಿಸಿ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಬೆಚ್ಚಗೆ ಹೊದಿಸಿ, 108ಕ್ಕೆ ಕರೆ ಮಾಡಿ. ಹೊಟ್ಟೆ ತುಂಬ ತಿನ್ನಿಸಬೇಡಿ. ಫೋನು ಹತ್ತದ ಊರಾದರೆ ಯಾವ ದಿಬ್ಬದಲ್ಲಿ ಸಿಗ್ನಲ್ ಸಿಗುತ್ತದೆ, ಯಾರ ಜೀಪು ಇದೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಮಾತಾಡಿಟ್ಟುಕೊಳ್ಳಿ.

ತಲೆಗೆ ಪೆಟ್ಟು ಬಿದ್ದು ಮೇಲ್ನೋಟಕ್ಕೆ ಏನೂ ಆಗದಂತೆ ಕಂಡರೂ ಮುಂದಿನ ಕೆಲವು ವಾರ ಗಮನವಿರಲಿ. ತಲೆನೋವು, ವಾಂತಿ, ಮಂಪರು, ಮಾತು ತೊದಲುವುದು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರನ್ನು ಲಕ್ಷಣಗಳಿಗೆ ಕಾಯದೆ ಅಂದೇ ತೋರಿಸಬೇಕು.

ಒಬ್ಬರೇ ಇರುವ ಹಿರಿಯರ ಕೈಗೆಟಕುವಲ್ಲಿ, ನೆಲಮಟ್ಟದಲ್ಲಿ, ಒಂದು ಹಿತ್ತಾಳೆ ತಟ್ಟೆ ಅಥವಾ ಸೀಟಿ ಇರಲಿ. ಬಿದ್ದಾಗ ಬಾರಿಸಿದರೆ ನೆರೆಯವರಿಗೆ ಕೇಳಿಸುತ್ತದೆ. ಬೆಳಿಗ್ಗೆ ಇಷ್ಟು ಹೊತ್ತಿಗೆ ಮುಂಬಾಗಿಲು ತೆರೆಯದಿದ್ದರೆ ಬಂದು ನೋಡಬೇಕೆಂದು ನೆರೆಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಿ. ಹಿರಿಯ ನಾಗರಿಕರಿಗೆ ಮಾಹಿತಿ ಹಾಗೂ ನೆರವು ನೀಡುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.

ಒಂದು ಪ್ರಶ್ನೆ ಕೇಳಿ

ಹಿರಿಯರು ಬಿದ್ದದ್ದನ್ನು ಬಹಳ ಸಲ ಮುಚ್ಚಿಡುತ್ತಾರೆ. ಹೇಳಿದರೆ ಹೊಲಕ್ಕೆ ಬಿಡುವುದಿಲ್ಲ, ಉಳವಿ ಜಾತ್ರೆಗೆ ಕರೆದೊಯ್ಯುವುದಿಲ್ಲ, ಮಕ್ಕಳಿಗೆ ಭಾರವಾಗುತ್ತೇನೆ ಎಂಬ ಅಂಜಿಕೆ ಅವರದು. ಮೊಣಕೈಯ ಕಂದುಗಾಯವನ್ನು ಸೆರಗಿನಿಂದ ಮರೆಮಾಡಿದ ತಾಯಿ ನಿಮ್ಮ ಮನೆಯಲ್ಲೂ ಇದ್ದಾರು. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಆದುದರಿಂದ ಗದರದೆ ಕೇಳಿ: "ಅವ್ವಾ, ಈ ವರ್ಷದಲ್ಲಿ ಎಲ್ಲಾದರೂ ಕಾಲು ಜಾರಿತ್ತೇನು? ಎಲ್ಲಿ ಹೆದರಿಕೆ ಆಗುತ್ತದೆ?" ಅವರು ತೋರಿಸುವ ಜಾಗದಿಂದಲೇ ಕೆಲಸ ಶುರುಮಾಡಿ.

ಮೃಗಶಿರಾ ಮಳೆ ಹಿಡಿಯುವ ಮೊದಲು ಸೂರಿನ ಹಂಚು ಕೈಯಾಡಿಸುತ್ತೀರಿ, ಬದು ಕಟ್ಟುತ್ತೀರಿ, ಬೀಜ ಹಸನು ಮಾಡುತ್ತೀರಿ. ಅದೇ ಪಟ್ಟಿಗೆ ಇನ್ನೊಂದನ್ನು ಸೇರಿಸಿ: ಬಚ್ಚಲ ಕಂಬಿ, ಹೊಸ್ತಿಲ ಹಿಡಿಕೆ, ದಾರಿಯ ದೀಪ. ಗೌಂಡಿಗೆ ಒಂದು ದಿನದ ಕೂಲಿ, ಬಡಿಗನಿಗೆ ಅರ್ಧ ದಿನದ ಕೂಲಿ. ಕೊಟ್ಟಿಗೆಯ ಎಮ್ಮೆಗೆ ಮಾಡಿದಷ್ಟನ್ನು ಹೆತ್ತವರಿಗೂ ಮಾಡಿದರೆ ಸಾಕು. ಆಷಾಢದ ರಾತ್ರಿ ಅವರು ತಾವಾಗಿಯೇ ಎದ್ದು ಹೋಗಿ, ತಾವಾಗಿಯೇ ಬಂದು ಮಲಗಿಯಾರು.